ತೊಗರಿಯ ಕೀಡೆಯೂ ಬೇವಿನ ಬೀಜವೂ

ಪಟ್ಟಣದ ಮನೆಗಳಲ್ಲಿ ತೊಗರಿ ಬೇಳೆಯನ್ನು ಆರಿಸುವಾಗ ತೂತು ಬಿದ್ದ ಕಾಳೊಂದು ಕಂಡರೆ, 'ಈ ಸಲದ ಬೇಳೆಗೆ ಹುಳ ಬಿದ್ದಿದೆ' ಎಂದು ಗೃಹಿಣಿಯರು ಅಂಗಡಿಯವನನ್ನು ಆಕ್ಷೇಪಿಸುವುದುಂಟು. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಆ ತೂತು ಗೋದಾಮಿನಲ್ಲಿಯೋ ಡಬ್ಬಿಯಲ್ಲಿಯೋ ಸೇರಿಕೊಳ್ಳುವ ಸಣ್ಣ ದುಂಬಿಯೊಂದರ ಕೆಲಸ. ಹೊಲದಲ್ಲಿ ತೊಗರಿಯನ್ನು ತಿನ್ನುವ ಹುಳು ಬೇರೆ. ಅದು ತಿಂದ ಕಾಳು ನಿಮ್ಮ ಮೊರಕ್ಕೆ ಬರುವುದೇ ಇಲ್ಲ. ಗಿಡದ ಮೇಲೆಯೇ ಅದರ ಹೊಟ್ಟೆಗೆ ಹೋಗಿರುತ್ತದೆ. ನಿಮಗೆ ಅದರ ಗುರುತು ಸಿಕ್ಕುವುದು ಬೇಳೆಯ ಬೆಲೆಯಲ್ಲಿ ಮಾತ್ರ.

ನಾನು ಅತನೂರಿನ ಸೀಮೆಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಪಾಠ ಹೇಳುವವನು. ಸಂಧಿ ಸಮಾಸಗಳನ್ನು ಬಿಟ್ಟು ಹುಳುಹುಪ್ಪಟೆಗಳ ಮಾತು ಈ ಪಂಡಿತನಿಗೇಕೆ ಎಂದು ತಾವು ಕೇಳಬಹುದು. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯ ನಡುವೆ ವಾಸಿಸಿ ತೊಗರಿಯ ಸುದ್ದಿ ತಿಳಿಯದೆ ಇರುವುದು ಸಾಧ್ಯವಿಲ್ಲ. ಮಗಳ ಮದುವೆ, ಸಾಲದ ವಾಯಿದೆ, ಮಗನ ಶಾಲೆಯ ಶುಲ್ಕ, ಯಾವುದನ್ನು ಕೇಳಿದರೂ ಇಲ್ಲಿ ಒಂದೇ ಉತ್ತರ: 'ತೊಗರಿ ರಾಶಿ ಆಗಲಿ'. ಮೃಗಶಿರ, ಆರಿದ್ರೆಯ ಮಳೆಗೆ ಬಿತ್ತಿದ ಬೀಜ ಚಿತ್ತಿ, ಸ್ವಾತಿಯ ಹೊತ್ತಿಗೆ ಹಳದಿಯ ಹೂ ತಳೆಯುತ್ತದೆ. ಪುಷ್ಯಮಾಸದ ಸುಮಾರಿಗೆ ರಾಶಿಯಾಗುತ್ತದೆ. ಈ ನಾಡಿನ ಬೇಳೆಯ ರುಚಿ ಹೊರಗಿನವರಿಗೂ ತಿಳಿದದ್ದರಿಂದಲೇ ೨೦೧೯ರಲ್ಲಿ ಗುಲ್ಬರ್ಗದ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು.

ಸಂಸ್ಕೃತದ 'ಕೀಟ'ವೇ ನಮ್ಮ ಬಾಯಲ್ಲಿ 'ಕೀಡೆ'ಯಾಗಿದೆ. ಈ ಕಡೆಯ ಜನ ಬರಿದೆ 'ಕೀಡಿ' ಎಂದರೆ ಸಾಕು, ಅದು ತೊಗರಿಯ ಕಾಯಿ ಕೊರೆಯುವ ಹುಳುವೆಂದೇ ಅರ್ಥ. ಶಾಸ್ತ್ರಜ್ಞರು ಇದನ್ನು ಹೆಲಿಕೊವರ್ಪ ಆರ್ಮಿಜೆರ ಎಂದು ಕರೆಯುತ್ತಾರೆ. ತೊಗರಿ, ಕಡಲೆ, ಹತ್ತಿ, ಟೊಮೇಟೊ, ಸೂರ್ಯಕಾಂತಿ ಹೀಗೆ ನೂರಾರು ಜಾತಿಯ ಗಿಡಗಳನ್ನು ಅದು ತಿಂದು ಬದುಕಬಲ್ಲದು. ಕಂದುಬಣ್ಣದ ಪತಂಗವೊಂದು ಕತ್ತಲಾದ ಮೇಲೆ ಹಾರಿಬಂದು ಮೊಗ್ಗು, ಹೂ, ಎಳೆಗಾಯಿಗಳ ಮೇಲೆ ಗಸಗಸೆಯಷ್ಟು ಸಣ್ಣ ತತ್ತಿಗಳನ್ನು ಒಂದೊಂದಾಗಿ ಇಡುತ್ತ ಹೋಗುತ್ತದೆ. ಒಂದೇ ಪತಂಗ ಇಡುವ ತತ್ತಿಗಳು ನೂರಾರು; ಕೆಲವೊಮ್ಮೆ ಸಾವಿರವನ್ನೂ ಮೀರುತ್ತವೆ. ಮೂರು ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಮೊದಲ ಕೆಲವು ದಿನ ಅದು ನೂಲಿನ ಎಳೆಯಂತಿದ್ದು ಹೂವನ್ನೂ ಚಿಗುರನ್ನೂ ಕೆರೆದು ತಿನ್ನುತ್ತದೆ. ಆಮೇಲೆ ಕಾಯಿಗೆ ತೂತು ಕೊರೆದು, ತಲೆಯನ್ನು ಒಳಗಿಟ್ಟು, ಮೈಯನ್ನು ಹೊರಗೆ ಬಿಟ್ಟು ಒಂದೊಂದೇ ಕಾಳನ್ನು ಬರಿದು ಮಾಡುತ್ತದೆ. ಎರಡು ಮೂರು ವಾರದಲ್ಲಿ ಬೆರಳ ಗಾತ್ರಕ್ಕೆ ಬೆಳೆದು, ನೆಲಕ್ಕಿಳಿದು, ಮಣ್ಣಿನೊಳಗೆ ಕೋಶವಾಗಿ ಮಲಗುತ್ತದೆ. ಅಲ್ಲಿಂದ ಮತ್ತೆ ಪತಂಗ.

ಈ ಜೀವನಚರಿತ್ರೆಯಲ್ಲಿ ತಾವು ಗಮನಿಸಬೇಕಾದ ಅಂಶ ಒಂದುಂಟು. ಹುಳು ಎಳೆಯದಾಗಿರುವ ಮೊದಲ ವಾರದಲ್ಲಿ ಅದನ್ನು ತಡೆಯುವುದು ಸುಲಭ. ಕಾಯಿಯೊಳಗೆ ತಲೆಯಿಟ್ಟ ಮೇಲೆ ಕಷ್ಟ. ಮುಂದೆ ನಾನು ಹೇಳುವ ಉಪಾಯಗಳೆಲ್ಲ ಈ ಒಂದು ವಾರದ ಲೆಕ್ಕವನ್ನು ಅವಲಂಬಿಸಿವೆ.

ನಾನು ಹುಡುಗನಾಗಿದ್ದಾಗ ಒಕ್ಕಲಿಗರು ಬಿ.ಎಚ್.ಸಿ. ಪುಡಿಯನ್ನು ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಸಾಲುಸಾಲಾಗಿ ಜಾಡಿಸುತ್ತ ನಡೆಯುತ್ತಿದ್ದರು. ಮನೆಗೆ ಬಂದಾಗ ಅವರ ಹುಬ್ಬು, ಮೀಸೆಗಳೆಲ್ಲ ಬೆಳ್ಳಗೆ. ಅದನ್ನು ಕಂಡು ನಾವು ನಗುತ್ತಿದ್ದೆವು! ಆ ಪುಡಿಯನ್ನು ೧೯೯೭ರಲ್ಲಿ ದೇಶದಲ್ಲಿ ನಿಷೇಧಿಸಿದರು. ಆಮೇಲೆ ಎಂಡೋಸಲ್ಫಾನ್ ಮೊದಲಾದ ದ್ರವೌಷಧಗಳ ಕಾಲ ನಡೆಯಿತು. ಕಾಸರಗೋಡಿನ ನಮ್ಮ ಕನ್ನಡ ಹಳ್ಳಿಗಳ ಕತೆ ತಮಗೆ ತಿಳಿದದ್ದೇ. ಅಲ್ಲಿಯ ಗೇರು ತೋಟಗಳ ಮೇಲೆ ಇದೇ ಎಂಡೋಸಲ್ಫಾನನ್ನು ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಸುರಿದರು. ಅಂಗವಿಕಲರಾಗಿ ಹುಟ್ಟಿದ ಮಕ್ಕಳ ಚಿತ್ರಗಳನ್ನು ನಾಡೆಲ್ಲ ಕಂಡಿತು. ಸರ್ವೋಚ್ಚ ನ್ಯಾಯಾಲಯ ೨೦೧೧ರ ಮೇ ತಿಂಗಳಿನಲ್ಲಿ ಅದರ ಮಾರಾಟವನ್ನು ತಡೆಯಿತು. ಒಂದು ಬಾಟಲಿ ಹೋಯಿತು, ಇನ್ನೊಂದು ಬಂದಿತು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಾರ್ತಿಕ ಮಾಸದಲ್ಲಿ ಎರಡು ವಾರ ಶಾಲೆಗೆ ಬರಲಿಲ್ಲ. ವಿಚಾರಿಸಿದಾಗ ತಿಳಿಯಿತು: ಅವನ ತಂದೆ ಹತ್ತು ದಿನಗಳಲ್ಲಿ ಮೂರನೆಯ ಸಲ ಔಷಧ ಹೊಡೆಯಲು ಹೋಗಿದ್ದ. ಎರಡು ಬಾಟಲಿಗಳನ್ನು ಕೂಡಿಸಿ ಹೊಡೆದರೆ ಕೀಡೆ ಉಳಿಯದೆಂದು ಮಾರಿದವರು ಹೇಳಿದ್ದರಂತೆ. ಬಾಯಿಗೆ ಬಟ್ಟೆಯಿಲ್ಲ, ಗಾಳಿ ಎದುರಿಗಿದೆ, ತೊಗರಿ ಆಳೆತ್ತರ ಬೆಳೆದಿದೆ. ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ವಾಂತಿ ಮಾಡಿಕೊಂಡು ಬಿದ್ದ. ದೇವರ ದಯೆಯಿಂದ ಆಸ್ಪತ್ರೆಯಿಂದ ಜೀವಂತವಾಗಿ ಮರಳಿದ. ಅಷ್ಟು ದಿನ ಆ ಹುಡುಗನೇ ಹೊಲ ಕಾಯ್ದ. ಕೀಡೆಯೇನೋ ಕಾಯಿಯನ್ನು ತಿಂದೇ ಮುಗಿಸಿತ್ತು.

ಅಷ್ಟು ವಿಷಕ್ಕೂ ಹುಳು ಏಕೆ ಸಾಯಲಿಲ್ಲ? ಔಷಧ ಹೊಡೆದಾಗ ಸಾವಿರ ಹುಳುಗಳಲ್ಲಿ ಕೆಲವು, ಹುಟ್ಟಿನಿಂದಲೇ ಗಟ್ಟಿಯಾದವು, ಉಳಿದುಕೊಳ್ಳುತ್ತವೆ. ಮುಂದಿನ ಪೀಳಿಗೆ ಆ ಗಟ್ಟಿಗರ ಸಂತಾನ. ತಿಂಗಳಿಗೊಂದು ಪೀಳಿಗೆಯಾಗುವ ಪ್ರಾಣಿಗೆ ವಿಷವನ್ನು ಅರಗಿಸಿಕೊಳ್ಳುವ ವಿದ್ಯೆ ಬೇಗ ಬರುತ್ತದೆ. ಆಂಧ್ರದ ಕರಾವಳಿಯ ಹತ್ತಿಯ ಹೊಲಗಳಲ್ಲಿ ೧೯೮೭ರಲ್ಲಿಯೇ ಪೈರಿಥ್ರಾಯ್ಡ್ ಎಂಬ ಹೊಸ ಔಷಧಗಳು ಈ ಹುಳುವಿನ ಮುಂದೆ ಸೋತಿದ್ದವು. ಇದರ ಮೇಲೆ ಇನ್ನೊಂದು ನಷ್ಟ: ಕೀಡೆಯ ಮೈಯಲ್ಲಿ ತತ್ತಿಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜದ ಹುಳುಗಳು, ಜೇಡಗಳು ಈ ವಿಷಕ್ಕೆ ಕೀಡೆಗಿಂತ ಮೊದಲು ಸಾಯುತ್ತವೆ. ಕಾವಲುಗಾರರನ್ನು ಕೊಂದು ಕಳ್ಳನನ್ನು ಉಳಿಸಿದಂತಾಯಿತು. ೧೯೯೭–೯೮ರ ಹಂಗಾಮಿನಲ್ಲಿ ಅಕಾಲದ ಮಳೆಯೂ ಕೀಡೆಯೂ ಕೂಡಿ ಕಲಬುರಗಿ, ಬೀದರ ಜಿಲ್ಲೆಗಳ ತೊಗರಿಯನ್ನು ಹಾಳುಮಾಡಿದವು. ಔಷಧದಂಗಡಿಯ ಸಾಲ ಹೊತ್ತ ರೈತರು ಪ್ರಾಣ ಕಳೆದುಕೊಂಡ ಸುದ್ದಿಗಳು ಆಗ ಈ ಭಾಗದಿಂದ ಬಂದವು.

ಇನ್ನು ಉಪಾಯಗಳ ಮಾತು. ಮೊದಲನೆಯದು ಎಷ್ಟು ಸರಳವೆಂದರೆ ಹೇಳಲು ಸಂಕೋಚವಾಗುತ್ತದೆ. ಗಿಡವನ್ನು ಹಿಡಿದು ಅಲುಗಾಡಿಸುವುದು! ನಮ್ಮ ಜಿಲ್ಲೆಯ ಒಕ್ಕಲಿಗರಿಗೆ ಇದು ಹಿಂದಿನಿಂದ ಗೊತ್ತು. ಪುಡಿಯ ಡಬ್ಬಿಗಳು ಬಂದಮೇಲೆ ಮರೆತಿದ್ದರು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ೧೯೯೦ರ ದಶಕದ ಕೊನೆಯ ಸುಮಾರಿಗೆ ಇದನ್ನು ರೈತರೊಂದಿಗೆ ಪರೀಕ್ಷಿಸಿ ನೋಡಿ, ಗಿಡದ ಮೇಲಿನ ಹುಳುಗಳಲ್ಲಿ ಬಹುಪಾಲು ಕೆಳಗೆ ಬೀಳುತ್ತವೆಂದು ಕಂಡುಕೊಂಡರು. ಮೂರು ನಾಲ್ಕು ಮಂದಿ ಬೇಕು. ಒಬ್ಬರು ಹಳೆಯ ತಾಡಪತ್ರಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಎರಡು ಸಾಲುಗಳ ನಡುವೆ ಎಳೆಯುತ್ತ ಸಾಗಬೇಕು. ಉಳಿದವರು ಎರಡೂ ಕಡೆಯ ಗಿಡಗಳನ್ನು ಹಾಳೆಯ ಮೇಲಕ್ಕೆ ಬಾಗಿಸಿ ಜಾಡಿಸಬೇಕು. ಹುಳುಗಳು ಪಟಪಟನೆ ಉದುರುತ್ತವೆ. ಅವನ್ನು ಬಕೀಟಿಗೆ ಸುರಿದು ಮನೆಯ ಕೋಳಿಗಳ ಮುಂದೆ ಹಾಕಿದರೆ ಕೋಳಿಗಳಿಗೆ ಅಂದು ಹಬ್ಬ.

'ಹೀಗೆ ಜಾಡಿಸಿದರೆ ಹೂವು ಉದುರುವುದಿಲ್ಲವೆ?' ಎಂದು ನಾನೂ ಕೇಳಿದ್ದೆ. ಉದುರುತ್ತದೆ. ಆದರೆ ತೊಗರಿಯ ಗಿಡ ತಾನು ಬಿಟ್ಟ ಹೂವುಗಳಲ್ಲಿ ಬಹುಭಾಗವನ್ನು ತಾನಾಗಿಯೇ ಉದುರಿಸಿಬಿಡುತ್ತದೆ. ಕಾಯಿಯಾಗುವುದು ಹತ್ತರಲ್ಲಿ ಒಂದೋ ಎರಡೋ. ಕೈಗೆ ಉದುರುವ ಹೂವು ಹೆಚ್ಚಾಗಿ ಹೇಗೂ ನಿಲ್ಲದ ಹೂವೇ. ಈ ಉಪಾಯದ ಹೆಚ್ಚುಗಾರಿಕೆ ಇನ್ನೊಂದಿದೆ. ಬೆಳೆದು ದಪ್ಪನಾದ ಹುಳು ಬೇವಿಗೂ ಬಗ್ಗದು, ನಂಜಿಗೂ ಬಗ್ಗದು. ಕೈಗೆ ಮಾತ್ರ ಬಗ್ಗುತ್ತದೆ. ಅದೇ ಎಳೆಯ ಹುಳು ಹೂವಿನೊಳಗೆ ಅಡಗಿದ್ದು, ಎಷ್ಟು ಜಾಡಿಸಿದರೂ ಬೀಳದು. ಅದಕ್ಕೆ ಬೇರೆ ಮದ್ದು ಬೇಕು.

ಆ ಮದ್ದುಗಳಲ್ಲಿ ಒಂದು ಬಲು ವಿಚಿತ್ರವಾದುದು. ಮನುಷ್ಯರಿಗೆ ಸಾಂಕ್ರಾಮಿಕ ರೋಗ ಬರುವಂತೆ ಕೀಡೆಗೂ ಬರುತ್ತದೆ. ಎನ್.ಪಿ.ವಿ. ಎಂಬ ನಂಜಾಣು ತಗಲಿದ ಕೀಡೆ ಎರಡು ಮೂರು ದಿನದಲ್ಲಿ ತಿನ್ನುವುದನ್ನು ಬಿಟ್ಟು, ಮತಿಗೆಟ್ಟಂತೆ ಗಿಡದ ತುದಿಗೆ ಹತ್ತಿ, ಹಿಂಗಾಲಿನಿಂದ ನೇತುಬಿದ್ದು ತಲೆಕೆಳಗಾಗಿ ಸಾಯುತ್ತದೆ. ಅದರ ಮೈ ನೀರಾಗಿ ಸೋರಿ, ಕೆಳಗಿನ ಎಲೆಗಳ ಮೇಲೆ ಬಿದ್ದು ಬೇರೆ ಹುಳುಗಳಿಗೂ ರೋಗ ಹಚ್ಚುತ್ತದೆ. ಈ ನಂಜು ಕೀಡೆಯ ಕುಲಕ್ಕಷ್ಟೇ ಮೀಸಲು. ಮನುಷ್ಯನಿಗೆ, ದನಕ್ಕೆ, ಹಕ್ಕಿಗೆ, ಜೇನಿಗೆ ಅದರಿಂದ ಬಾಧೆಯಿಲ್ಲ. ಸತ್ತ ಹುಳುಗಳನ್ನು ಅರೆದು, ಸೋಸಿ, ನೀರಿಗೆ ಕೂಡಿಸಿ ಸಿಂಪಡಿಸುವುದೇ ಕ್ರಮ. ಇದರ ಅಳತೆಯೂ ಹುಳುವಿನ ಲೆಕ್ಕದಲ್ಲಿಯೇ: ಎಕರೆಗೆ ನೂರು ಎಲ್.ಇ., ಅಂದರೆ ರೋಗದಿಂದ ಸತ್ತ ನೂರು ದೊಡ್ಡ ಕೀಡೆಗಳಲ್ಲಿ ದೊರೆಯುವಷ್ಟು ನಂಜು. ಬಿಸಿಲಿಗೆ ನಂಜಾಣು ಬೇಗ ಸಾಯುವುದರಿಂದ ಸಂಜೆಯಲ್ಲಿ ಸಿಂಪಡಿಸಬೇಕು. ಬಿಸಿಲ ತಾಪ ತಡೆಯಲು ಬಟ್ಟೆಗೆ ಹಾಕುವ ನೀಲಿಯನ್ನೂ, ಹುಳು ಆಸೆಯಿಂದ ತಿನ್ನಲೆಂದು ಬೆಲ್ಲವನ್ನೂ ಕೂಡಿಸುತ್ತಾರೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದವರೂ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರೂ ತೊಗರಿಗೆ ಕೊಡುವ ಸಲಹೆಗಳಲ್ಲಿ ಇದಕ್ಕೂ ಸ್ಥಾನವಿದೆ.

ಯುಗಾದಿಯ ಬೇವು ಬೆಲ್ಲಗಳಲ್ಲಿ ಬೆಲ್ಲದ ಕೆಲಸ ಇದಾದರೆ, ಬೇವಿನ ಕೆಲಸ ಇನ್ನೂ ಹಿರಿದು. ಬೇವಿನ ಬೀಜದ ತಿರುಳಿನಲ್ಲಿ ಅಜಾಡಿರಾಕ್ಟಿನ್ ಎಂಬ ಕಹಿಯಾದ ವಸ್ತುವಿದೆ. ಅದು ಹುಳುವನ್ನು ಕೂಡಲೇ ಕೊಲ್ಲುವುದಿಲ್ಲ. ಅದರ ಬಾಯಿ ಕಟ್ಟಿಸುತ್ತದೆ, ಪೊರೆ ಕಳಚಿ ಬೆಳೆಯುವ ಕ್ರಮವನ್ನು ಕೆಡಿಸುತ್ತದೆ. ಐದು ಕಿಲೊ ತಿರುಳನ್ನು ಕುಟ್ಟಿ ಪುಡಿಮಾಡಿ, ಬಟ್ಟೆಯಲ್ಲಿ ಕಟ್ಟಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಮರುದಿನ ಚೆನ್ನಾಗಿ ಹಿಂಡಿ ಸೋಸಿ, ಒಟ್ಟು ನೂರು ಲೀಟರು ಮಾಡಿಕೊಳ್ಳಬೇಕು. ಎಲೆಗೆ ಅಂಟಲೆಂದು ತುಸು ಸಾಬೂನಿನ ಪುಡಿ. ಇದನ್ನೂ ಸಂಜೆಯೇ ಹೊಡೆಯಬೇಕು, ಅಂದಂದಿನ ಕಷಾಯ ಅಂದೇ ಮುಗಿಯಬೇಕು. ಹೂವು ಬಿಡಲು ತೊಡಗಿ ತತ್ತಿಗಳು ಕಂಡಾಗ ಹೊಡೆದರೆ ಇದರ ಗುಣ ತೋರುತ್ತದೆ. ಕಾಯಿ ತೂತಾದ ಮೇಲೆ ಹೊಡೆದು, 'ಬೇವಿನಲ್ಲಿ ಏನೂ ಇಲ್ಲ' ಎನ್ನುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಜ್ವರ ಇಳಿದ ಮೇಲೆ ಕಷಾಯ ಕುಡಿದು ವೈದ್ಯನನ್ನು ಬೈದಂತೆ ಅದು.

ಹಕ್ಕಿಗಳ ಮಾತು ಬಂದಾಗ ಎಳ್ಳ ಅಮಾವಾಸ್ಯೆಯನ್ನು ನೆನೆಯದೆ ಮುಂದೆ ಹೋಗಲಾರೆ. ಅಂದು ನಮ್ಮ ಹಳ್ಳಿಗಳಲ್ಲಿ ಮನೆಗಳಿಗೆಲ್ಲ ಬೀಗ. ಸಜ್ಜೆಯ ಕಡುಬು, ಜೋಳದ ರೊಟ್ಟಿ, ಹತ್ತಾರು ಕಾಯಿಪಲ್ಯ ಕೂಡಿದ ಭಜ್ಜಿ, ಅಂಬಲಿ, ಶೇಂಗಾದ ಹಿಂಡಿ ಇವನ್ನೆಲ್ಲ ಕಟ್ಟಿಕೊಂಡು ಬಂಡಿಗಳಲ್ಲಿ ಹೊಲಕ್ಕೆ ಹೋಗಿ, ಪಾಂಡವರೆಂದು ಐದು ಕಲ್ಲುಗಳನ್ನು ಪೂಜಿಸಿ, ಊಟಕ್ಕೆ ಮೊದಲು ಹೊಲದ ಸುತ್ತ ಅನ್ನವನ್ನು ಚೆಲ್ಲುತ್ತಾರೆ. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಭೂತಾಯಿಗೆ ಬಯಕೆಯ ಊಟವೆಂದು ಹೆಂಗಸರು ಹೇಳುತ್ತಾರೆ. ಅನ್ನಕ್ಕೆ ಬಂದ ಹಕ್ಕಿ ಹುಳುವನ್ನೂ ಹೆಕ್ಕುತ್ತದೆಂದು ಹಿರಿಯ ಒಕ್ಕಲಿಗರು ಹೇಳುತ್ತಾರೆ. ಎರಡೂ ನಿಜವಾಗಿರಬಾರದೇಕೆ? ಆ ಹೊತ್ತಿಗೆ ತೊಗರಿ ಬಲಿತಿರುತ್ತದೆ, ನಿಜ. ಆದರೆ ಪಕ್ಕದ ಕಡಲೆ ಆಗತಾನೆ ಕಾಯಿ ಕಟ್ಟುತ್ತಿರುತ್ತದೆ, ಅದೇ ಕೀಡೆ ಅಲ್ಲಿಗೂ ಬರುತ್ತದೆ. ಈಗ ಕೃಷಿಯ ಅಧಿಕಾರಿಗಳು ಹೂವಿನ ಕಾಲದಿಂದಲೇ ಎಕರೆಗೆ ಇಪ್ಪತ್ತರಷ್ಟು ಕವಲುಗೋಲುಗಳನ್ನು ನೆಡಿರೆಂದೂ, ತೊಗರಿಯ ಬೀಜದೊಡನೆ ಒಂದಿಷ್ಟು ಜೋಳವನ್ನು ಬೆರೆಸಿ ಬಿತ್ತಿರೆಂದೂ ಹೇಳುತ್ತಾರೆ. ಎತ್ತರದ ಜೋಳದ ದಂಟು ಹಕ್ಕಿಗೆ ಹುಟ್ಟುಪೀಠ. ಕಾಜಾಣ ಅದರ ಮೇಲೆ ಕುಳಿತು ಸುತ್ತ ನೋಡಿ, ಒಮ್ಮೆಲೆ ಎರಗಿ, ಕೀಡೆಯನ್ನು ಕಚ್ಚಿಕೊಂಡು ಮತ್ತೆ ಅಲ್ಲಿಗೇ ಬರುತ್ತದೆ. ನಮ್ಮ ರಾಜ್ಯದ ಪಕ್ಷಿಯಾದ ನೀಲಕಂಠವೂ, ಗೊರವಂಕವೂ, ಉಳುಮೆಯ ಹಿಂದೆ ನಡೆಯುವ ಬೆಳ್ಳಕ್ಕಿಯೂ ಇದೇ ಕೆಲಸದವು. ಬೇಸಗೆಯಲ್ಲಿ ಆಳವಾಗಿ ಉತ್ತರೆ ಮಣ್ಣಿನೊಳಗಿನ ಕೋಶಗಳು ಮೇಲೆ ಬಂದು ಕೆಲವು ಹಕ್ಕಿಗೂ ಕೆಲವು ಬಿಸಿಲಿಗೂ ಬಲಿಯಾಗುತ್ತವೆ.

ಹೆಣ್ಣುಪತಂಗದ ವಾಸನೆಯನ್ನು ಹೋಲುವ ಬಿಲ್ಲೆಯನ್ನಿಟ್ಟು ಗಂಡುಗಳನ್ನು ಹಿಡಿಯುವ ಮೋಹಕ ಬಲೆಗಳೂ ಇವೆ. ಇವು ಕೀಡೆಯನ್ನು ಮುಗಿಸುವ ಸಾಧನವೆಂದು ತಿಳಿದವರು ನಿರಾಶರಾಗುತ್ತಾರೆ. ಎಕರೆಗೆ ಎರಡು ಬಲೆ ಕಟ್ಟಿ, ದಿನವೂ ಬಿದ್ದ ಪತಂಗಗಳನ್ನು ಎಣಿಸಿದರೆ ತತ್ತಿ ಬೀಳುವ ಕಾಲ ಮುಂಚೆಯೇ ತಿಳಿಯುತ್ತದೆ. ಅದು ಕರೆಗಂಟೆ, ಖಡ್ಗವಲ್ಲ. ತತ್ತಿಗಳನ್ನು ನಾಶಮಾಡುವ ಟ್ರೈಕೊಗ್ರಾಮ ಎಂಬ ಅತಿಸೂಕ್ಷ್ಮ ಕಣಜವನ್ನು ಸಾಕಿ ಬಿಡುವ ಕ್ರಮ ಕಬ್ಬಿನಂಥ ಬೆಳೆಗಳಲ್ಲಿ ಹೆಸರು ಪಡೆದಿದೆ. ತೊಗರಿಯಲ್ಲಿ ಅದು ಅಷ್ಟಾಗಿ ಫಲಿಸದು. ತೊಗರಿಯ ಕಾಯಿಯ ಅಂಟುರೋಮಗಳಲ್ಲಿ ಆ ಬಡಜೀವ ತಾನೇ ಸಿಕ್ಕಿಕೊಳ್ಳುತ್ತದೆ. ಒಂದು ಬೆಳೆಗೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪುವುದೆಂದು ತಿಳಿಯಬಾರದು.

ಬೇರೆ ದೇಶದವರಿಗೂ ಈ ಯೋಚನೆ ತಪ್ಪಿದ್ದಲ್ಲ. ಸ್ಪೇನ್, ಇಟಲಿ, ಗ್ರೀಸ್ ದೇಶಗಳಲ್ಲಿ ಆಲಿವ್ ಎಂಬ ಹಣ್ಣಿನಿಂದ ಎಣ್ಣೆ ತೆಗೆಯುತ್ತಾರೆ. ಅಲ್ಲಿ ಒಂದು ಜಾತಿಯ ನೊಣ ಹಣ್ಣಿನೊಳಗೆ ತತ್ತಿಯಿಟ್ಟು ಬೆಳೆಯನ್ನು ಕೆಡಿಸುತ್ತದೆ. ಕೆಲವರು ಹಣ್ಣಿನ ಮೇಲೆ ನುಣ್ಣನೆಯ ಬಿಳಿಮಣ್ಣನ್ನು ನೀರಿನಲ್ಲಿ ಕಲಸಿ ಸಿಂಪಡಿಸುತ್ತಾರೆ. ಬಿಳಿಯ ಲೇಪದ ಹಣ್ಣನ್ನು ನೊಣ ಗುರುತಿಸದೆ ಹೋಗುತ್ತದೆ. ಕೆಲವರು ಬಾಟಲಿಗಳಿಗೆ ತೂತು ಕೊರೆದು, ವಾಸನೆಯ ನೀರು ತುಂಬಿ, ಮರಮರಕ್ಕೂ ತೂಗಹಾಕುತ್ತಾರೆ. ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸಿ ಇಡುವ ನಮ್ಮ ಮುದುಕಿಯರಿಗೆ ಈ ಬಿಳಿಮಣ್ಣಿನ ಸುದ್ದಿ ಹೇಳಿದರೆ ಆಶ್ಚರ್ಯಪಡಲಾರರು.

ಇಷ್ಟಾದರೂ ಇವುಗಳ ಮಿತಿಯನ್ನು ಮುಚ್ಚಿಡಬಾರದು. ಕಾರ್ತಿಕದಲ್ಲಿ ವಾರಗಟ್ಟಲೆ ಮೋಡ ಮುಸುಕಿದರೆ ಪತಂಗಗಳು ಮುತ್ತಿಬಿಡುತ್ತವೆ. ಆಗ ಕೈಗೆಲಸ ಸಾಲದು. ಗಿಡಕ್ಕೆ ಎರಡು ತತ್ತಿಯೋ ಒಂದು ಹುಳುವೋ ಕಂಡರೆ ಎಚ್ಚರಗೊಳ್ಳಬೇಕೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಬೇವಿಗೂ ನಂಜಿಗೂ ಮೀರಿತೆಂದು ಕಂಡಾಗ, ಮುಖ ಕಟ್ಟಿಕೊಂಡು, ಗಾಳಿ ನೋಡಿ, ಹೇಳಿದ ಪ್ರಮಾಣದಲ್ಲಿ ಒಮ್ಮೆ ಔಷಧ ಹೊಡೆಯುವುದನ್ನು ನಾನು ತಪ್ಪೆನ್ನಲಾರೆ. ಮತ್ತೊಂದು ತೊಡಕು ಆಳುಗಳದು. ಗಿಡ ಜಾಡಿಸಲು ನಾಲ್ವರು ಬೇಕು. ಹಳ್ಳಿಯ ತರುಣರು ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಉಳಿದ ಹೆಂಗಸರ ಕೂಲಿಯೂ ಲೆಕ್ಕಕ್ಕೆ ಬರುತ್ತದೆ. ಬಾಟಲಿಯ ಬೆಲೆಗೆ ಹೋಲಿಸಿದರೆ ಕೂಲಿ ಹೆಚ್ಚೆಂದು ಕೆಲವರು ವಾದಿಸುತ್ತಾರೆ. ಆದರೆ ಕೂಲಿಯ ಹಣ ಊರಲ್ಲೇ ಉಳಿಯುತ್ತದೆ, ಆಸ್ಪತ್ರೆಯ ಖರ್ಚು ಆ ಲೆಕ್ಕದಲ್ಲಿ ಸೇರಿರುವುದಿಲ್ಲ.

ಆ ನನ್ನ ವಿದ್ಯಾರ್ಥಿಯ ತಂದೆ ಮರುವರ್ಷ ತನ್ನ ನಾಲ್ಕು ಎಕರೆಯಲ್ಲಿ ಎರಡಕ್ಕೆ ಮಾತ್ರ ಬೇವಿನ ಕಷಾಯ ಹೊಡೆದು, ಮನೆಯ ಹೆಂಗಸರೊಡನೆ ಎರಡು ಸಲ ಗಿಡ ಜಾಡಿಸಿದ. ಉಳಿದೆರಡಕ್ಕೆ ಹಿಂದಿನಂತೆ ಔಷಧ. ನಂಬಿಕೆ ಪೂರ್ತಿ ಹುಟ್ಟಿರಲಿಲ್ಲ, ನೋಡಿ. ರಾಶಿಯಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ ಬಂದಿತು. ಬೇವಿನ ಕಡೆ ಅರ್ಧ ಚೀಲ ಕಡಿಮೆಯೇ ಎನ್ನಬಹುದು. ಅಂಗಡಿಯ ಬಾಕಿ ಮಾತ್ರ ಅರ್ಧಕ್ಕಿಳಿಯಿತು. ಅದರ ಮುಂದಿನ ವರ್ಷ ನಾಲ್ಕೂ ಎಕರೆಗೆ ಬೇವು ಹೊಡೆಯುವೆನೆಂದ. ಬೀಜ ಸಾಕಾಗಲಿಲ್ಲ.

ಇಲ್ಲಿಯೇ ಪಟ್ಟಣದ ತಮ್ಮ ಮಾತು ಬರುತ್ತದೆ. ಆಳೆತ್ತರದ ತೊಗರಿಯ ಒಂದು ಎಕರೆಗೆ ಇನ್ನೂರು ಲೀಟರಿಗೂ ಮಿಕ್ಕಿ ಕಷಾಯ ಬೇಕು, ಅಂದರೆ ಹತ್ತು ಕಿಲೊಗೂ ಮೇಲೆ ತಿರುಳು. ಹೊಲದ ಬದುಗಳಲ್ಲಿ ಬೇವಿನ ಮರ ಕಡಿಮೆಯಾಗಿವೆ. ಕಲಬುರಗಿಯ ಬೀದಿಗಳಲ್ಲಿ, ಕಚೇರಿಗಳ ಅಂಗಳಗಳಲ್ಲಿ, ತಮ್ಮ ಮನೆಗಳ ಮುಂದೆ ಅವು ಸಾಲಾಗಿ ನಿಂತಿವೆ. ಜ್ಯೇಷ್ಠ ಆಷಾಢಗಳಲ್ಲಿ ಹಳದಿಯ ಹಣ್ಣು ಉದುರಿ ಚರಂಡಿ ಸೇರುತ್ತದೆ; ಗುಡಿಸಿದವರು ಕಸದೊಡನೆ ಸುಡುತ್ತಾರೆ. ಕಳೆದ ಆಷಾಢದಲ್ಲಿ ನಮ್ಮ ಶಾಲೆಯ ಅಂಗಳದ ಮೂರು ಮರಗಳ ಹಣ್ಣನ್ನು ಮಕ್ಕಳು ದಿನವೂ ಪ್ರಾರ್ಥನೆಗೆ ಮೊದಲು ಆಯ್ದರು. ಅಂದಂದೇ ಆಯಬೇಕು, ನೆಲದಲ್ಲಿ ಬಿಟ್ಟರೆ ಬೂಸಲು ಹಿಡಿಯುತ್ತದೆ. ತೊಟ್ಟಿಯಲ್ಲಿ ಕಿವುಚಿ ತಿರುಳುಸಿಪ್ಪೆ ಕಳೆದು, ಬೀಜ ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಗೋಣಿಚೀಲದಲ್ಲಿ ತುಂಬಿಟ್ಟರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಂದು ಪಾಲು ಬೂಸಲು ಬಂದು ಹಾಳಾಯಿತು. ಆ ಬುದ್ಧಿವಂತಿಕೆ ನನ್ನದೇ. ಉಳಿದದ್ದು ಒಂದೂವರೆ ಚೀಲ. ಸ್ವಾತಿಯ ಮಳೆ ಮುಗಿದ ವಾರ ಆ ಹುಡುಗನ ತಂದೆ ಬಂಡಿ ಕಟ್ಟಿಕೊಂಡು ಬಂದು ಅದನ್ನು ಒಯ್ದ, ಹೋಗುವಾಗ ಶಾಲೆಯ ಜಗಲಿಯ ಮೇಲೆ ಒಂದು ಪಡಿ ಹೊಸ ಹೆಸರುಕಾಳು ಇಟ್ಟುಹೋದ.